ಫ್ರಿಜ್ಜಿನ ಬೆನ್ನು

ಬ್ಯಾಟರಾಯನಪುರದ ಆ ವಠಾರದಲ್ಲಿ ಫ್ರಿಜ್ಜು ಇದ್ದದ್ದು ಮುನಿಕೆಂಪಮ್ಮನ ಮನೆಯಲ್ಲಿ ಮಾತ್ರ. ಹೆಸರಿಗಷ್ಟೇ ಅವಳದು; ಬಾಗಿಲು ತೆಗೆಯುವವರು ಹತ್ತಾರು ಮಂದಿ. ಒಬ್ಬರ ಮಲ್ಲಿಗೆ, ಇನ್ನೊಬ್ಬರ ದೋಸೆಹಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಅಕ್ಬರಿಯ ಇನ್ಸುಲಿನ್. ಮುನಿಕೆಂಪಮ್ಮನಿಗೂ ಫ್ರಿಜ್ಜೆಂದರೆ ಪ್ರಾಣ. ಆಯುಧಪೂಜೆಗೆ ಅದರ ಮುಖ ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದಳು. ಬೆನ್ನು ಮಾತ್ರ ಗೋಡೆಗೆ ಒತ್ತಿಕೊಂಡಿತ್ತು, ಕಂಡವರಿಲ್ಲ.

೨೦೧೨ರ ಬೇಸಿಗೆಯಲ್ಲಿ ಮೋಟಾರು ನಿಲ್ಲುವುದನ್ನೇ ಮರೆಯಿತು. ಹಗಲೂ ರಾತ್ರಿ ಗುಂಯ್ ಎನ್ನುತ್ತಲೇ ಇತ್ತು.

"ಕರೆಂಟ್ ಕುಡಿಯೋ ಭೂತ ಕಣಮ್ಮಾ ಇದು. ಭಾನುವಾರ ಗುಜರಿಗೆ ಹಾಕ್ಬಿಡ್ತೀನಿ. ಹೊಸದು ದೀಪಾವಳಿಗೆ ನೋಡಾಣ," ಎಂದ ಮಗ ಮುನಿರತ್ನ.

ಅಲ್ಲಿಯವರೆಗೆ ಅಕ್ಬರಿಯ ಔಷಧಿ ಎಲ್ಲಿಡುವುದು? ಮುನಿಕೆಂಪಮ್ಮನಿಗೆ ಅದೇ ಚಿಂತೆಯಾಯಿತು.

ಶನಿವಾರ ಬಿದ್ದ ಚಮಚ ಹುಡುಕುತ್ತ ಫ್ರಿಜ್ಜಿನ ಹಿಂದೆ ಕೈ ತೂರಿಸಿದವಳು ಸರಕ್ಕನೆ ಹಿಂದಕ್ಕೆಳೆದಳು. ಒಲೆಯ ಹಾಗೆ ಸುಡುತ್ತಿತ್ತು! ತಣ್ಣಗಿಡುವ ಪೆಟ್ಟಿಗೆಗೆ ಇಷ್ಟು ಕಾವೇಕೆ? ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಅವಳಿಗೆ ಊಟ ಸೇರುವುದಿಲ್ಲ. ಮಿಕ್ಸಿಯನ್ನು ಬಿಚ್ಚಿ ಬೈಸಿಕೊಂಡ ಹೆಂಗಸು ಅವಳು.

"ಒಳಗಿನ ಕಾವೆಲ್ಲ ಇಲ್ಲಿಂದ ಆಚೆ ಓಗ್ಬೇಕೇನೋ," ಎಂದುಕೊಂಡು ಪ್ಲಗ್ ಕಿತ್ತು, ಫ್ರಿಜ್ಜನ್ನು ಮುಂದಕ್ಕೆ ಎಳೆದಳು. ಹಿಂದಿನ ಕಪ್ಪು ಕೊಳವೆಗಳು ಕಾಣದಷ್ಟು ಧೂಳು. ಅದರೊಳಗೆ ಎಷ್ಟೋ ಆಯುಧಪೂಜೆಗಳ ಒಣಗಿದ ಚೆಂಡುಹೂವು.

"ಅಯ್ಯೋ, ಮುಂದೆ ಹಾರ ಹಾಕಿ ಹಿಂದೆ ಉಸಿರು ಕಟ್ಟಿಸ್ದೆನಲ್ಲಪ್ಪಾ ನಿಂಗೆ!"

ನಾಚಿಕೆಯಿಂದಲೇ ಬ್ರಷ್ ಹಿಡಿದಳು. ಕೊಳವೆಗಳನ್ನು ಉಜ್ಜಿದಳು. ಬಾಗಿಲು ಸರಿಯಾಗಿ ಮುಚ್ಚದಂತೆ ರಬ್ಬರಿಗೆ ಅಂಟಿದ್ದ ದೋಸೆಹಿಟ್ಟನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದಳು. ಗೋಡೆಯಿಂದ ಗೇಣಷ್ಟು ದೂರ ನಿಲ್ಲಿಸಿ ಪ್ಲಗ್ ಹಾಕಿದಳು.

ಸಂಜೆ ಮೋಟಾರು ನಿಂತಿತು. ಮನೆಯಲ್ಲಿ ಅಷ್ಟು ನಿಶ್ಶಬ್ದ ಕೇಳಿ ಎಷ್ಟು ಕಾಲವಾಗಿತ್ತೋ! ಆ ಗೋಡೆಯಾಚೆಯೇ ಅಕ್ಬರಿಯ ಮಂಚ. ಸದ್ದು ನಿಂತದ್ದೇ ಅವಳು ಓಡಿಬಂದಳು.

"ಅರೇ ಅಕ್ಕಾ, ಸತ್ತೋಯ್ತಾ? ನನ್ ಔಷಧಿ!" ಎಂದು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದಳು.

ಮುನಿಕೆಂಪಮ್ಮ ಆ ಕೈ ಹಿಡಿದುಕೊಂಡಳು. "ತೆಗೀಬ್ಯಾಡ ಕಣೇ. ಒಳ್ಗೆಲ್ಲ ತಣ್ಣಗಾಗಿ ಈಗ ತಾನೆ ಕುಂತೈತೆ. ಒಸಿ ಸುಧಾರಿಸ್ಕೊಳ್ಲಿ."

ಇಬ್ಬರೂ ಅದರೆದುರು ನೆಲದ ಮೇಲೆ ಕೂತರು. ಕೆಲಸ ಮುಗಿಸಿ ಬಂದ ಮುನಿರತ್ನ ಬಾಯಿ ತೆರೆಯುವಷ್ಟರಲ್ಲಿ ತಾಯಿ ತುಟಿಯ ಮೇಲೆ ಬೆರಳಿಟ್ಟಳು. ಅವನೂ ನಿಂತ. ಕಡೆಗೆ ಮೋಟಾರು ಮೆಲ್ಲಗೆ ಗುಂಯ್ ಎಂದಿತು. ಅಕ್ಬರಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

ಭಾನುವಾರ ಗುಜರಿಯವನು ಬಂದಾಗ ಮುನಿರತ್ನ ಹಳೇ ಪೇಪರ್ ಮಾತ್ರ ಹಾಕಿದ.