ಕೂಗಬಾರದ ಹೆಸರು

ಕಲ್ಕತ್ತೆಯ ವಕೀಲರೊಬ್ಬರ ಪಡಸಾಲೆಯಲ್ಲಿ ಹನ್ನೊಂದು ಹುಡುಗಿಯರಿಂದ ಶುರುವಾದ ಆ ಶಾಲೆಗೆ ಮೋಕ್ಷದಾ ಮೊದಲ ದಿನದಿಂದಲೂ ಆಯಾ. ಹುಡುಗಿಯರ ಬಾಯಲ್ಲಿ ಮಾಸಿ, ಅಂದರೆ ಚಿಕ್ಕಮ್ಮ. ಬೆಳಗಾದರೆ ಪರದೆ ಕಟ್ಟಿದ ಕುದುರೆಗಾಡಿಯಲ್ಲಿ ಗಲ್ಲಿಗಲ್ಲಿ ಸುತ್ತಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿ ಅವರನ್ನು ಕರೆತರಬೇಕು. ಇಪ್ಪತ್ತು ವರ್ಷ ಕೂಗಿ ಕೂಗಿ ಗಂಟಲು ಸವೆದುಹೋಗಿತ್ತು. ಹುಡುಗಿಗೆ ಹತ್ತು ತುಂಬುವುದೇ ತಡ, ಮದುವೆ. ಆಮೇಲೆ ಆ ಹೆಸರನ್ನು ಬೀದಿಯಲ್ಲಿ ಕೂಗುವಂತಿಲ್ಲ.

"ಅಕ್ಷರ ಕೂಡಿಸೋ ಹೊತ್ತಿಗೆ ಹಸೆಮಣೆ! ಒಬ್ಬಳಾದ್ರೂ ಪುಸ್ತಕ ಮುಗಿಸಿದ್ದನ್ನ ನಾ ಕಾಣೆ," ಎಂದು ಗಾಡಿಯವನ ಮೇಲೆ ರೇಗುತ್ತಿದ್ದಳು.

ನಾಲ್ಕು ವರ್ಷ ಮೋಕ್ಷದಾ ದಿನಾ ಮೊದಲು ಕೂಗಿ ಕರೆಯುತ್ತಿದ್ದ ಹೇಮಾಂಗಿನಿಗೂ ಮಾಘದಲ್ಲಿ ಮದುವೆಯಾಯಿತು. ಅತ್ತೆಮನೆ, ಶಾಲೆಗೆ ಬರುವ ಪುಂಟಿ ಎಂಬ ಹುಡುಗಿಯ ಪಕ್ಕದ ಮನೆಯೇ. ಒಂದು ಬೆಳಿಗ್ಗೆ ಪುಂಟಿಯ ಬಾಗಿಲಲ್ಲಿ ನಿಂತ ಮೋಕ್ಷದಾ, ದಣಿದ ಬಾಯಿಗೆ ಬಂದ ಹೆಸರನ್ನೇ ಕೂಗಿಬಿಟ್ಟಳು: "ಹೇಮೂ, ಗಾಡಿ ಬಂತು ಕಣೇ!"

ತಕ್ಷಣ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಪಕ್ಕದ ಮನೆಯೊಳಗಿಂದ ಕೇಳಿಸಿತು: "ಬಂದೇ ಮಾಸೀ!" ಕಾಲ್ಗೆಜ್ಜೆಯ ಸದ್ದು ದಡದಡನೆ ಬಾಗಿಲತ್ತ ಓಡಿಬಂತು.

"ಎಲ್ಲಿಗಮ್ಮಾ ಹೊರಟಿತು ಸೊಸೆಯ ಸವಾರಿ?" ಎಂದಿತು ಅತ್ತೆಯ ದನಿ.

ಗೆಜ್ಜೆ ಹೊಸಿಲಲ್ಲೇ ನಿಂತಿತು. ಪುಂಟಿಯನ್ನು ಕೂಗಲೆಂದು ಮೋಕ್ಷದಾ ಬಾಯಿ ತೆರೆದಳು; ಕೂಗದೆ ಬಾಗಿಲ ಚಿಲಕ ಬಡಿದಳು.