ಮೆಹರ್ ಆಪಾ ತೋರಿಸಿದ ಬಾಗಿಲುಗಳು

1999ರಲ್ಲಿ ನಾನು ಓದು ನಿಲ್ಲಿಸಿದೆ. ಬಿಂಡಿಗನವಿಲೆಯ ಸ್ಕೂಲಿನಲ್ಲಿ ಐದನೇ ಕ್ಲಾಸು. ಇಂಗ್ಲಿಷು ಶುರುವಾಗಿದ್ದೇ ಆ ವರ್ಷ. ಎ ಬಿ ಸಿ ಡಿ ಹಾಡಿನ ಹಾಗೆ ಬಾಯಿಗೆ ಬಂದಿತ್ತು, ಕಣ್ಣಿಗೆ ಇನ್ನೂ ಹತ್ತಿರಲಿಲ್ಲ. ಆಮೇಲೆ ಕುರಿ, ಆಮೇಲೆ ನಾಗಮಂಗಲದಲ್ಲಿ ವೈರಿಂಗ್ ಕೆಲಸ, ಆಮೇಲೆ ಶ್ರೀರಂಗಪಟ್ಟಣ. ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆ ಬಿದ್ದವನಲ್ಲ. ಆದರೆ ಹೊಸಬರು ಯಾರೇ ಪರಿಚಯವಾಗಲಿ, ಎರಡನೇ ಮಾತಿಗೆ ‘ಎಲ್ಲೀಗಂಟ ಓದಿದ್ದೀಯ?’ ಎನ್ನುತ್ತಾರೆ, ನಾನು ಏನೋ ಕೆಲಸ ನೆನಪಾದವನಂತೆ ಎದ್ದುಬಿಡುತ್ತೇನೆ. ಆ ಪ್ರಶ್ನೆಯನ್ನು ಒಂದು ಸಲವೂ ಕೇಳದೆ ಹೋದವರು ಮೆಹರ್ ಆಪಾ ಒಬ್ಬರೇ.

ಕಲಿಸುವಾಗ ಅವರು ನಮಗೆ ಬೆನ್ನು ಹಾಕಿ ಕೂರುತ್ತಿದ್ದರು. ಶ್ರೀರಂಗಪಟ್ಟಣದ ಪೇಟೆಯಲ್ಲಿ, ಮಹಡಿ ಮೆಟ್ಟಿಲ ಕೆಳಗಿದ್ದ ಉದ್ದನೆಯ, ಅಗಲವಿಲ್ಲದ ಅಂಗಡಿ ಅವರದು. ಮೊದಲು ಅಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರಂತೆ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಹಳೇ ಕಂಪ್ಯೂಟರುಗಳನ್ನು ತಂದು ರಿಪೇರಿ ಮಾಡಿ ಮಾರುತ್ತಿದ್ದರು. ಆ ರಿಪೇರಿ ಕಲಿಯುವವರು ಒಳಗೆ ಗೋಡೆಗೆ ಮುಖ ಮಾಡಿ ಕೂತರೆ, ಆಪಾ ಬಾಗಿಲಲ್ಲಿ ಬೀದಿಗೆ ಮುಖ ಮಾಡಿ, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ದವಡೆಯಲ್ಲಿ ಒಂದು ಲವಂಗ ಒತ್ತಿಕೊಂಡು ಕೂರುವರು. ಪರದೆಯ ಕಡೆ ತಿರುಗಿಯೂ ನೋಡರು. ಕೀ ಒತ್ತುವ ಸದ್ದಿನಲ್ಲೇ ತಪ್ಪು ಹಿಡಿದು, “ತಡ ಆಯ್ತು, ಆಫ್ ಮಾಡಿ ಇನ್ನೊಂದ್ಸಲ ನೋಡು,” ಎಂದು ಬೀದಿಗೆ ಹೇಳಿದ ಹಾಗೆ ಹೇಳುವರು. ಸೊಪ್ಪು ಮಾರುವವಳು ಒಮ್ಮೆ ಬುಟ್ಟಿ ಇಳಿಸಿ, “ನಂಗಾ ಏಳಿದ್ದು?” ಎಂದು ನಿಂತೇಬಿಟ್ಟಿದ್ದಳು.

ನಾನು ಅಲ್ಲಿಗೆ ಹೋದದ್ದು ವೈರಿಂಗ್ ಮಾಡಲು. ಆಮೇಲೆ ಅವರು ಮಾರಿದ ಕಂಪ್ಯೂಟರುಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಅಂಗಡಿಗಳಿಗೆ ಮುಟ್ಟಿಸುವ ಕೆಲಸ ಹಿಡಿದೆ. ಅಲ್ಲಿ ಇಳಿಸಿ ಸ್ವಿಚ್ ಹಾಕಿದರೆ ಕೆಲವು ಏಳುತ್ತಲೇ ಇರಲಿಲ್ಲ. ಮತ್ತೆ ಕಟ್ಟಿಕೊಂಡು ಅಷ್ಟು ದೂರ ವಾಪಸ್ಸು. ಮಾಕವಳ್ಳಿಯಿಂದ ಹಾಗೆ ಒಂದನ್ನು ಹೊತ್ತು ತಂದ ದಿನ ಆಪಾ ನನ್ನ ಅಂಗೈಗೆ ಒಂದು ಪೆನ್‌ಡ್ರೈವ್ ಇಟ್ಟರು.

“ಕಂಪ್ಯೂಟರು ಹೊರೋ ಬದಲು ಇದನ್ನ ಹೊರು ಚಲುವಪ್ಪಾ. ಯಾವ ಕಂಪ್ಯೂಟರು ಮಲಗಿದ್ರೂ ಇದರಿಂದ ಏಳಿಸಬಹುದು.”

“ನಂಗೆ ಇದೆಲ್ಲಾ ಎಲ್ ಬತ್ತದೆ ಬುಡಿ ಆಪಾ.”

“ಬಾಗಿಲು ತಟ್ಟಕ್ಕೆ ಬರತ್ತಾ? ಅಷ್ಟು ಬಂದ್ರೆ ಸಾಕು.”

ಸ್ವಿಚ್ ಹಾಕಿದ ಕೂಡಲೇ, ವಿಂಡೋಸ್ ಮುಖ ತೋರಿಸುವ ಮೊದಲೇ, ಒಂದು ಕೀಯನ್ನು ಟಕಟಕ ಒತ್ತುತ್ತಿರಬೇಕು. ಆಗ ಸೆಟ್ಟಿಂಗುಗಳಿರುವ ನೀಲಿ ಪರದೆ ತೆರೆದುಕೊಳ್ಳುತ್ತದೆ. ಆದರೆ ಆ ಕೀ ಒಂದೊಂದು ಕಂಪ್ಯೂಟರಿಗೆ ಒಂದೊಂದು. ಕೆಲವಕ್ಕೆ ಎಫ್ ಎರಡು, ಕೆಲವಕ್ಕೆ ಎಫ್ ಹನ್ನೆರಡು, ಕೆಲವಕ್ಕೆ ಡಿಲೀಟು. “ಒಬ್ಬರ ಮನೆಗೆ ಮುಂದಿನ ಬಾಗಿಲು, ಒಬ್ಬರ ಮನೆಗೆ ಹಿತ್ತಿಲು. ಗೊತ್ತಿಲ್ದಿದ್ರೆ ಎಲ್ಲಾ ತಟ್ಟು, ನಾಚಿಕೆ ಯಾಕೆ?” ಎನ್ನುವರು.

ಒಳಗೆ ಹೋದ ಮೇಲೆ, ಕಂಪ್ಯೂಟರು ಯಾವುದರಿಂದ ಮೊದಲು ಏಳಬೇಕು ಎಂಬ ಸರದಿ ಇರುತ್ತದೆ. ಅದಕ್ಕೆ ಆಪಾ ಇಟ್ಟ ಹೆಸರು ಮಂಚದ ಲೆಕ್ಕ. “ಮಂಚದ ಮೇಲೆ ಯಾವಾಗಲೂ ಹಾರ್ಡ್ ಡಿಸ್ಕ್ ಮಲಗಿರ್ತಾನೆ, ಅವನು ಮನೆ ಯಜಮಾನ. ಪೆನ್‌ಡ್ರೈವ್ ನೆಂಟ. ನೆಂಟ ಬಂದಾಗ ಮಂಚ ಬಿಟ್ಟುಕೊಡಬೇಕು.” ಹೊಸ ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಎಂಬುದೊಂದು ಕಾವಲು ಇರುತ್ತದೆ, ಗುರುತಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಆಪಾಗೆ ಅದು ಅತ್ತೆ. “ಮೊದಲು ಅತ್ತೇನ ಮಲಗಿಸು, ಆಮೇಲೆ ನೆಂಟನ್ನ ಕರಿ. ಕೆಲಸ ಮುಗಿದ ಮೇಲೆ ಅತ್ತೇನ ಎಬ್ಬಿಸಿ, ಯಜಮಾನನ್ನ ಮಂಚಕ್ಕೆ ಹತ್ತಿಸಿ, ಇದ್ದಂಗೇ ಇಟ್ಟು ಬಾ. ನಾವು ಹೋಗಿದ್ವಿ ಅಂತ ಆ ಮನೆಗೆ ಗೊತ್ತಾಗಬಾರದು.”

ಅತ್ತೆ ಎದ್ದಿದ್ದಾಳೋ ಮಲಗಿದ್ದಾಳೋ ಎಂದು ಹೇಳುವುದು ಎರಡು ಇಂಗ್ಲಿಷ್ ಪದ, ಎನೇಬಲ್ಡ್ ಮತ್ತು ಡಿಸೇಬಲ್ಡ್. ಮೊದಲನೇ ದಿನ ನಾನು ಅಲ್ಲೇ ನಿಂತುಬಿಟ್ಟೆ. ಎರಡೂ ನನಗೆ ಒಂದೇ ಥರ ಕಾಣುತ್ತಿದ್ದವು. ಓದಲು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಬಾಗಿಲಲ್ಲಿ ಕೂತ ಆಪಾ ತಿರುಗಲಿಲ್ಲ. ಸ್ವಲ್ಪ ಹೊತ್ತು ಲವಂಗ ಅಗಿದು, “ಶುರುವಿನಲ್ಲಿ ಬಾಚಣಿಗೆ ಕಂಡ್ರೆ ಎದ್ದಿದ್ದಾಳೆ, ಡೊಳ್ಳುಹೊಟ್ಟೆ ಕಂಡ್ರೆ ಮಲಗಿದ್ದಾಳೆ,” ಎಂದರು. ನೋಡಿದೆ. ಇ ನಿಜಕ್ಕೂ ಮೂರು ಹಲ್ಲಿನ ಬಾಚಣಿಗೆ, ಡಿ ಡೊಳ್ಳುಹೊಟ್ಟೆ. ಅವತ್ತಿನಿಂದ ಎಫ್ ಎಂದರೆ ಕೆಳಗಿನ ಹಲ್ಲು ಬಿದ್ದ ಬಾಚಣಿಗೆ, ಎಚ್ ಎಂದರೆ ಏಣಿ. ಹಾಗೆ ಅಕ್ಷರ ಹುಡುಕಿಕೊಂಡು ಊರ ಹೆಸರು ಹೊಡೆಯುವಷ್ಟು ಕಲಿತೆ. ಓದುವುದು ಮಾತ್ರ ಬರಲಿಲ್ಲ.

ನಮ್ಮ ಕಡೆಯವರ ನಾಲಗೆಗೆ ಹ ಹತ್ತುವುದಿಲ್ಲ. ಆಪಾ ಬಾಯಲ್ಲಿ ಅದೇ ಹ ಸ್ಪಷ್ಟವಾಗಿ ಬರುತ್ತಿತ್ತು. “ಟೀಗೆ ಆಲು ಕಮ್ಮಿ ಆಗದೆ ಆಪಾ,” ಎಂದರೆ, “ಟೀಗೆ ಯಾರಪ್ಪಾ ಆಲೂಗೆಡ್ಡೆ ಹಾಕ್ತಾರೆ?” ಎಂದು ನಗುವರು. ಸಂಜೆ ಅಂಗಡಿ ಮುಚ್ಚುವಾಗ ತಪ್ಪದೆ ಒಂದು ಮಾತು ಕೇಳುವರು: “ನಾಳೆ ಯಾವ ಕಡೆ?” ನಾನು ಇಂಥ ಊರು, ಇಂಥ ಅಂಗಡಿ ಎನ್ನುತ್ತಿದ್ದೆ. ನನ್ನ ದುಡಿಮೆಯ ಮೇಲೆ ಅವರಿಗೆ ಅಷ್ಟು ಅಕ್ಕರೆ ಎಂದುಕೊಂಡಿದ್ದೆ.

ಕೆಲವೇ ವರ್ಷದಲ್ಲಿ ನಾಲ್ಕು ತಾಲ್ಲೂಕಿನಲ್ಲೂ ನನ್ನ ಹೆಸರು ಓಡಾಡಿತು. ಇವನಿಗೆ ಗೊತ್ತು ಎಂಬ ಆ ಮಾತೇ ನನ್ನ ಬಂಡವಾಳ. ಇಂಗ್ಲಿಷ್ ಓದಲು ಬಾರದವನು ಎಂದು ಒಬ್ಬರಿಗೆ ತಿಳಿದರೆ ಅದು ಮುಗಿಯಿತು. ಯಾರು ತಮ್ಮ ಕಂಪ್ಯೂಟರನ್ನು ಅಂಥವನ ಕೈಗೆ ಕೊಡುತ್ತಾರೆ? ಅದೃಷ್ಟಕ್ಕೆ ನಾನು ಹೋದಲ್ಲೆಲ್ಲ ಗೌರವ ಸಿಗುತ್ತಿತ್ತು. ನಾನು ಕೂತ ಕೂಡಲೇ ಪಾಂಡವಪುರದ ಪಾತ್ರೆ ಅಂಗಡಿಯ ಶೆಟ್ಟರು ಕಾಫಿಗೆ ಎದ್ದು ಹೋಗುವರು. ನಾಗಮಂಗಲದ ಫೋಟೋ ಸ್ಟುಡಿಯೋದ ರಾಮಲಿಂಗಣ್ಣ ಹೊರಗೆ ಜಗಲಿಯ ಮೇಲೆ ಕೂರುವನು. ಬೆನ್ನ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ. “ನನ್ನ ಕೆಲ್ಸ ಅಂದ್ರೆ ಅವ್ರಿಗೆ ಒಂದು ಭಯಭಕ್ತಿ ಕಣೆ,” ಎಂದು ಹೆಂಡತಿಗೆ ಎಷ್ಟು ಸಲ ಹೇಳಿದ್ದೆನೋ.

ಒಂದು ಸಲ ಮಾತ್ರ ಹಾಗಾಗಲಿಲ್ಲ. ಕೆ.ಆರ್. ಪೇಟೆಯಲ್ಲಿ ಟ್ರಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯವರು, ದಾರಿಯಲ್ಲಿ ಹೋಗುತ್ತಿದ್ದವನನ್ನು ನಿಲ್ಲಿಸಿ ಒಳಗೆ ಕರೆದರು. ಆಪಾಗೆ ಹೇಳಿ ಹೋದ ಕೆಲಸವಲ್ಲ ಅದು. ಯಜಮಾನರು ಗಲ್ಲಾ ಬಿಟ್ಟು ಏಳಲಿಲ್ಲ. ಲೆಕ್ಕ ಬರೆಯಲು ಹೊಸದಾಗಿ ಸೇರಿದ್ದ, ಡಿಗ್ರಿ ಮಾಡಿದ ಹುಡುಗಿ ನನ್ನ ಹೆಗಲ ಹಿಂದೆಯೇ ನಿಂತಳು. ನಾನು ಬಾಗಿಲು ತಟ್ಟಿದೆ, ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಅದು ಆಪಾ ಮಾರಿದ್ದ ಕಂಪ್ಯೂಟರು. ಸೆಟ್ಟಿಂಗುಗಳನ್ನು ಕಂಡವರು ಕೆಡಿಸದಿರಲಿ ಎಂದು ಅವರೇ ಹಾಕಿದ್ದ ಬೀಗ. ಫೋನು ಮಾಡಿ, ಎರಡೂ ಕೈಗೆ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

“ಹೊಸಹೊಳಲು,” ಎಂದರು ಆಪಾ. ಅವರ ಪಾಸ್‌ವರ್ಡುಗಳೆಲ್ಲ ಊರ ಹೆಸರೇ.

ಹೊಡೆದೆ. ಪರದೆಯ ಮೇಲೆ ಬರೀ ಚುಕ್ಕೆ ಬಿದ್ದವು, ಒಪ್ಪಲಿಲ್ಲ. ಮತ್ತೆ ಹೊಡೆದೆ. ಮೂರನೇ ಸಲಕ್ಕೆ ಕೆಂಪಗೆ ಏನೋ ಬಂದು ನಿಂತಿತು.

“ಲಾಕ್ ಆಯ್ತು ಅಂತ ಬರ್ದೈತಲ್ಲಣ್ಣ,” ಎಂದಳು ಹುಡುಗಿ. “ನೀವು ಓದ್ಲಿಲ್ವಾ?”

ಯಜಮಾನರು ಗಲ್ಲಾದಿಂದ ಕತ್ತು ಉದ್ದ ಮಾಡಿದರು. ಫೋನಿನಲ್ಲಿ ಆಪಾ, “ಏನು ಹೊಡೆದೆ, ಬಾಯಲ್ಲಿ ಒಂದ್ಸಲ ಹೇಳು,” ಎಂದರು.

“ಒಸೊಳಲು.”

ಆಲೂಗೆಡ್ಡೆಗೆ ನಗುತ್ತಿದ್ದವರು ಅವತ್ತು ನಗಲಿಲ್ಲ. “ಅರೆ, ತಪ್ಪು ನಂದು. ಅದರಲ್ಲಿ ಏಣಿ ಇಟ್ಟಿದ್ದೆ, ನಿಂಗೆ ಹೇಳೋದೇ ಮರೆತೆ. ಆಫ್ ಮಾಡಿ ಆನ್ ಮಾಡು. ಮೊದಲಿಗೊಂದು ಏಣಿ, ನಡುವೆ ಇನ್ನೊಂದು ಏಣಿ.”

ಹುಡುಗಿ ಅಟ್ಟದ ಕಡೆ ನೋಡಿದಳು. “ಏಣಿ ಯಾಕಣ್ಣ? ಮ್ಯಾಲೆ ಏನೂ ಇಲ್ವಲ್ಲ.”

“ಅದು ನಮ್ಮ ಲೈನಿನ ಮಾತು ಕಣಮ್ಮ,” ಎಂದಿತು ಫೋನು. “ಬಿಸಿಲಲ್ಲಿ ಬಂದಿದ್ದಾರೆ, ಅವರಿಗೆ ಸ್ವಲ್ಪ ನೀರು ತಂದುಕೊಡು.” ಅವಳು ಒಳಗೆ ಹೋದ ಮೇಲೆ ಒಂದೊಂದೇ ಅಕ್ಷರ ಹೇಳಿದರು. ಬೀಗ ಬಿಟ್ಟಿತು. ಕೆಲಸವೂ ಆಯಿತು. ಆದರೆ ಪಾಂಡವಪುರ ದಾಟುವವರೆಗೂ ಗಾಳಿಗೆ ಒಡ್ಡಿದ ಮುಖ ತಣ್ಣಗಾಗಲಿಲ್ಲ. ಅದನ್ನು ಆಪಾ ಆಮೇಲೆ ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ.

ಸಕ್ಕರೆ ಕಾಯಿಲೆ ಅವರ ಕಿಡ್ನಿಗೆ ಇಳಿಯಿತು. ಅಂಗಡಿ ಮುಚ್ಚಿತು. ಗಂಜಾಂನ ಮನೆಗೆ ನಾನು ಕೊನೆಯ ಸಲ ಹೋದಾಗ ಅವರ ಯಜಮಾನರು ಅನ್ವರ್ ಭಾಯಿ ದಿಂಬು ಎತ್ತರಿಸಿ ಕೂರಿಸಿದರು. ಕೈ ಬಾತುಕೊಂಡಿತ್ತು, ದನಿ ನೂಲಿನಷ್ಟಾಗಿತ್ತು. ಆದರೂ ಕೇಳಿದರು: “ನಾಳೆ ಯಾವ ಕಡೆ?”

“ಪಾಂಡವಪುರ ಆಪಾ. ಶೆಟ್ರ ಪಾತ್ರೆ ಅಂಗ್ಡಿ.”

ತಲೆಯಾಡಿಸಿ, ಅನ್ವರ್ ಭಾಯಿಗೆ ಫೋನು ಕೊಡುವಂತೆ ಸನ್ನೆ ಮಾಡಿದರು. ಮಗಳಿಗೋ ಯಾರಿಗೋ ಮಾಡಬೇಕೇನೋ ಎಂದು ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮಾರನೆಯ ದಿನ ಶೆಟ್ಟರು ಎಂದಿನಂತೆ ಕಾಫಿಗೆ ಎದ್ದು ಹೋದರು. ಆ ವಾರವೇ ಆಪಾ ತೀರಿಕೊಂಡರು.

ಅದಾದ ಮೇಲೆ ಮೊದಲ ಕೆಲಸ ನಾಗಮಂಗಲದ ಸ್ಟುಡಿಯೋದಲ್ಲಿ ಬಂತು. ನಾನು ಪೆನ್‌ಡ್ರೈವ್ ಸಿಕ್ಕಿಸಿ ಕೂತೆ. ರಾಮಲಿಂಗಣ್ಣ ಸ್ಟೂಲು ಎಳೆದುಕೊಂಡು ನನ್ನ ಹಿಂದೆಯೇ ಕೂತ. ಉಸಿರು ಕುತ್ತಿಗೆಗೆ ತಾಗುತ್ತಿತ್ತು. “ಯಾಕಣ್ಣ, ಇವತ್ತು ಜಗ್ಲಿ ಮ್ಯಾಲೆ ಕೂತ್ಕಳಾಕಿಲ್ವಾ?” ಎಂದೆ.

“ಫೋನ್ ಬರ್ನಿಲ್ಲವಲ್ಲಾ, ಅದ್ಕೇ ಕೂತ್ಕಂಡೆ.”

“ಯಾವ ಫೋನು?”

“ಆಯಮ್ಮಂದು ಕಣ್ಲಾ. ನೀನು ಬರೋ ಮುಂಚಿನ್ ಸಂಜೆ ತಪ್ದಂಗೆ ಮಾಡೋಳು. ‘ನಾಳೆ ಚಲುವಪ್ಪ ಬತ್ತಾವ್ನೆ, ಅವ್ನು ಕೆಲ್ಸ ಮಾಡೋವಾಗ ಇಂದೆ ನಿಂತ್ಕಬ್ಯಾಡಿ, ಏನೂ ಓದಿ ಏಳು ಅನ್ಬ್ಯಾಡಿ,’ ಅನ್ನೋಳು. ಪಾಂಡವಪುರದ ಶೆಟ್ರಿಗೂ ಅಂಗೇ ಏಳೋಳಂತೆ. ಮಲ್ಗಿದ್ದಲ್ಲಿಂದ್ಲೂ ಮಾಡಿದ್ಲಂತಲ್ಲ, ಪಾಪ.” ಬೀಡಿ ಕಚ್ಚಿಕೊಂಡೇ ಹೇಳಿದ. ಅವನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ.

ಶೆಟ್ಟರ ಕಾಫಿ, ಇವನ ಜಗಲಿ, ಇನ್ನೂ ಎಷ್ಟೋ ಅಂಗಡಿಗಳಲ್ಲಿ ನಾನು ಕೂತ ಕೂಡಲೇ ಖಾಲಿಯಾಗುತ್ತಿದ್ದ ಕೋಣೆಗಳು ಒಂದೊಂದೇ ನೆನಪಾದವು. ಹೆಂಡತಿಯ ಮುಂದೆ ಹೇಳಿಕೊಂಡಿದ್ದ ಭಯಭಕ್ತಿಯೂ ನೆನಪಾಯಿತು. ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎದ್ದು ಹೋಗುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ಓಡಾಡಿದ್ದೆಲ್ಲ, ಸಂಜೆ ಹೊತ್ತು ಒಬ್ಬ ಹೆಂಗಸು ಮಾಡಿಟ್ಟ ಫೋನಿನ ಬಲದ ಮೇಲೆ. ಭೂಮಿ ಬಾಯಿ ಬಿಡಲಿ ಎನ್ನುತ್ತಾರಲ್ಲ, ಅಷ್ಟು ನಾಚಿಕೆಯಾಯಿತು. ಓದಲು ಬಾರದ್ದಕ್ಕಲ್ಲ, ಅದನ್ನು ಮುಚ್ಚಿಟ್ಟಿರುವವನು ನಾನೇ ಎಂದುಕೊಂಡಿದ್ದಕ್ಕೆ.

ಪರದೆಯ ಮೇಲೆ ಹಿಂದೆಂದೂ ಕಾಣದ ಒಂದು ಸಾಲು ಬಂದು ಕೂತಿತ್ತು. ಕೇಳಲು ಆ ಕಡೆ ಈಗ ಯಾರೂ ಇರಲಿಲ್ಲ.

“ನಂಗೆ ಓದಾಕೆ ಬರಾಕಿಲ್ಲ ಕಣಣ್ಣ,” ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. “ನೀನೇ ವಸಿ ಓದು.”

“ಸರಿ, ವಸಿ ಅತ್ಲಾಗೆ ಸರ್ಕಳ್ಲಾ,” ಎಂದ. ಕನ್ನಡಕ ಏರಿಸಿಕೊಂಡು, ತಾನೂ ಎಡವುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅವನು ಓದಿದ ಪ್ರತಿ ಪದದ ಕೆಳಗೆ ನಾನು ಬೆರಳಿಟ್ಟು ನೋಡಿದೆ.

ಈಗ ನನಗೆ ಒಂದು ಬೈಕು ಇದೆ. ಪೆನ್‌ಡ್ರೈವು ಮೂರು. ಕರೆದು ಕೆಲಸ ಕೊಡುವ ಅಂಗಡಿ ಹತ್ತೊಂಬತ್ತು. ನಾನೇ ನೋಡಿ ಓದಬಲ್ಲ ಇಂಗ್ಲಿಷ್ ಪದ ಇಪ್ಪತ್ತಾರು.