ಮೇ ಹೋಂಗ್ ಸಾನ್‌ನ ಬಿಳಿ ದಾರ

ಬ್ರಿಸ್ಬೇನಿನ ಸನ್ನಿಬ್ಯಾಂಕ್ ಪೇಟೆಯಿಂದ ನನ್ನ ಹೆಂಡತಿ ತಂದ ಪೊಟ್ಟಣವನ್ನು ಇನ್ನೂ ಬಿಚ್ಚಿರಲಿಲ್ಲ, ಆಗಲೇ ಅಡುಗೆಮನೆಯೆಲ್ಲ ವಾಸನೆ. "ಹಪ್ಪಳ ಅಂತ ತಂದ್ಬಿಟ್ಟೆ ಕಣ್ರೀ, ಒದ್ದೆ ಸಾಕ್ಸ್ ನಾತ ಹೊಡೀತಿದೆ!" ಅಂದಳು. ನನಗೆ ಗೊತ್ತಾಯಿತು. ಅದು ಹುದುಗಿಸಿದ ಸೋಯಾ ಕಾಳಿನ ಹಪ್ಪಳ. ಅದನ್ನು ನನಗೆ ಮೊದಲು ತೋರಿಸಿದ ಥಾಯ್ ಅಂಗಡಿಯ ಆಂಟಿ ನೆನಪಾದರು...

ಎಂಬತ್ತರ ದಶಕದ ಆರಂಭ. ನಾನು ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ಕಿರಿಯ ಡಾಕ್ಟರು. ನಮ್ಮ ಕಡೆ ತೊಗರಿಬೇಳೆ ಸಿಗುತ್ತಿದ್ದದ್ದು ಆಕೆಯ ಅಂಗಡಿಯಲ್ಲಿ ಮಾತ್ರ. ಆಕೆಯ ಊರು ಥಾಯ್ಲೆಂಡಿನ ಮೇ ಹೋಂಗ್ ಸಾನ್, ಬರ್ಮಾ ಗಡಿಯ ಬೆಟ್ಟಗಳ ಪ್ರಾಂತ್ಯ. ಬೆಳಗ್ಗೆ ಒಂಬತ್ತಾದರೂ ಮಂಜಿನಲ್ಲಿ ಎದುರುಮನೆ ಕಾಣುವುದಿಲ್ಲವಂತೆ. ಬಸ್ಸು ಹತ್ತಿ ರಸ್ತೆಯ ತಿರುವು ಎಣಿಸುತ್ತ ಕೂತವರು ವಾಂತಿ ಮಾಡುತ್ತ ಇಳಿಯುತ್ತಾರಂತೆ. ಆಕೆ ಬೇಳೆ ತೂಗುತ್ತ ಹೇಳುತ್ತಿದ್ದರು, ನಾನು ಹೊತ್ತು ಮರೆತು ಕೇಳುತ್ತಿದ್ದೆ.

ಆಕೆಯ ಮಣಿಕಟ್ಟಿನಲ್ಲಿ ಮಾಸಿದ ಬಿಳಿ ದಾರವಿತ್ತು. ಊರಿಗೆ ಹೋಗಿದ್ದಾಗ ತಾಯಿ ಕಟ್ಟಿದ್ದು. ಆಮೇಲೆ ಆ ತಾಯಿ ತೀರಿಕೊಂಡರು. ಮನುಷ್ಯನೊಳಗೆ ಮೂವತ್ತೆರಡು ಚೈತನ್ಯಗಳಿವೆ, ಹೆದರಿದರೆ ಓಡಿಹೋಗುತ್ತವೆ, ಅವನ್ನು ಕರೆದು ದಾರದಿಂದ ಮೈಗೆ ಕಟ್ಟಬೇಕು ಎಂಬುದು ಅವರ ನಂಬಿಕೆ. ಆ ದಾರವನ್ನು ಬಿಚ್ಚಬಹುದು, ಕತ್ತರಿಸಬಾರದು.

ಒಂದು ಶನಿವಾರ ಮಧ್ಯಾಹ್ನ ಆಕೆ ಗಲ್ಲಾದ ಹಿಂದೆ ಹೊಟ್ಟೆ ಹಿಡಿದು ಕುಸಿದಿದ್ದರು. ಮುಟ್ಟಿ ನೋಡಿದೆ, ಹೊಟ್ಟೆ ಹಲಗೆಯಂತಾಗಿತ್ತು. ಅಪೆಂಡಿಕ್ಸ್ ಒಡೆದಿದೆ ಅನ್ನಿಸಿ ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಹಿರಿಯ ಸಿಸ್ಟರ್ ದಾರ ನೋಡಿ, ಅದನ್ನು ತೆಗೆಯದೆ ಒಳಗೆ ಬಿಡುವುದಿಲ್ಲ ಎಂದರು.

ಆಂಟಿ ಕೈಯನ್ನು ಎದೆಗೆ ಅವಚಿಕೊಂಡರು. "ಕತ್ತರಿಸೋದಾದ್ರೆ ನನ್ನನ್ನ ಮನೆಗೆ ಬಿಟ್ಬಿಡಿ, ಡಾಕ್ಟರ್."

ಜ್ವರ ಏರುತ್ತಿತ್ತು, ನಾಡಿ ಓಡುತ್ತಿತ್ತು. "ಕೈಯಲ್ಲೇ ಬಿಚ್ತೀನಿ ಆಂಟಿ, ಮಾತು ಕೊಡ್ತೀನಿ" ಅಂದೆ. ಆ ಮಾತು ನಂಬಿ ಆಕೆ ಕಾಗದಕ್ಕೆ ಸಹಿ ಹಾಕಿದರು.

ಆಕೆಗೆ ಮಂಪರು ಬಂದ ಮೇಲೆ ಗಂಟಿಗೆ ಕೈ ಹಾಕಿದೆ. ಬೆವರಿಗೆ ಬಿಗಿದುಕೊಂಡಿತ್ತು, ಉಗುರು ಜಾರುತ್ತಿತ್ತು. ಸಿಸ್ಟರ್ ಗಡಿಯಾರ ನೋಡಿದರು. ಒಳಗಿನಿಂದ ಸರ್ಜನ್ ಗದರಿದರು. ಮದುವೆಯಲ್ಲಿ ನನ್ನ ಕಂಕಣವನ್ನು ಎಷ್ಟು ಜೋಪಾನವಾಗಿ ಬಿಚ್ಚಿದ್ದರು, ಅದನ್ನೆಲ್ಲ ಬಲ್ಲ ನಾನೇ ಕತ್ತರಿ ತೆಗೆದುಕೊಂಡೆ.

ಹಿಂದಿನ ವಾರವಷ್ಟೇ ಯಾರದೋ ಮದುವೆಯುಂಗುರ ಬೆರಳಿನಿಂದ ಬರಲಿಲ್ಲವೆಂದು ಅದರ ಮೇಲೆ ಟೇಪ್ ಸುತ್ತಿ ಒಳಗೆ ಬಿಟ್ಟಿದ್ದೆವು. ಆ ಗಳಿಗೆಯಲ್ಲಿ ಆ ಉಪಾಯ ನನಗೆ ಹೊಳೆಯಲಿಲ್ಲ... ಇಲ್ಲ, ಹೊಳೆಯಿತು. ಆ ಬಿಳಿಯರ ಮುಂದೆ ಬಾಯಿ ತೆರೆಯಲು ನನಗೆ ಧೈರ್ಯ ಬರಲಿಲ್ಲ.

ಆಂಟಿ ಬದುಕಿದರು. ಮೂರನೆಯ ದಿನ ದಾರ ಕೇಳಿದರು. ಲಕೋಟೆಯಲ್ಲಿಟ್ಟು ಕೊಟ್ಟು, "ಬಿಚ್ಚಿದೆ" ಅಂದೆ. ಆಕೆ ದಾರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಗಂಟು ಹಾಗೇ ಇತ್ತು. ಆಕೆ ಜೀವ ಉಳಿಸಿದಿರಿ ಎಂದು ಕೈಮುಗಿದರು. ಆ ಕ್ಷಣ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಆಮೇಲೆಯೂ ಬೇಳೆ ತೂಗಿ ಕೊಡುತ್ತಿದ್ದರು. ಊರಿನ ಮಂಜಿನ ಮಾತು ಮಾತ್ರ ಮತ್ತೆ ಬರಲಿಲ್ಲ. ಮರುವರ್ಷ ಅಂಗಡಿ ಮುಚ್ಚಿತು, ಪರ್ತ್‌ಗೆ ಹೋದರಂತೆ. ನಾನು ಹುಡುಕಲಿಲ್ಲ.

"ಕೊಡ್ರೀ ಇಲ್ಲಿ, ಕತ್ತರಿಸಿಬಿಡ್ತೀನಿ" ಎಂದು ಹೆಂಡತಿ ಪೊಟ್ಟಣದ ದಾರಕ್ಕೆ ಕತ್ತರಿ ತಂದಳು. ಬೇಡ ಅಂದೆ. ಕನ್ನಡಕ ಹಾಕಿಕೊಂಡು ಕೂತು, ಬಿಗಿದ ಗಂಟನ್ನು ಉಗುರಿನಿಂದ ಒಂದೊಂದೇ ಎಳೆಯಾಗಿ ಸಡಿಲಿಸಿದೆ.

ಎರಡು ನಿಮಿಷವೂ ಹಿಡಿಯಲಿಲ್ಲ.